ಕಡಲಿನ ಕೆಸರೂ ಕುಷ್ಟಗಿಯ ಮಳೆಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ರೈತನು ಎಷ್ಟು ಕೊಳವೆಬಾವಿಗಳನ್ನು ಕೊರೆಸಿದರೂ ಅವುಗಳಿಂದ ಮೇಲಕ್ಕೆ ಬರುವ ಕಲ್ಲಪುಡಿಯಲ್ಲಿ ಕಡಲಿನ ಚಿಪ್ಪೊಂದನ್ನು ಕಾಣಲಾರನು. ಆನೆಗೊಂದಿಯ ಬಂಡೆಗಳ ರಾಶಿಯಾಗಲಿ, ಕೊಪ್ಪಳದ ಕೋಟೆಯನ್ನು ಹೊತ್ತ ಗುಡ್ಡವಾಗಲಿ, ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗೆ ಚಪ್ಪಡಿಗಳನ್ನೊದಗಿಸಿದ ಬೆಟ್ಟವಾಗಲಿ ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಶಿಲೆಗಳೇ. ಅವುಗಳ ವಯಸ್ಸು 250 ಕೋಟಿ ವರ್ಷಗಳ ಆಸುಪಾಸಿನದು, ಕೆಲವೆಡೆ ಅದಕ್ಕೂ ಹಿಂದಿನದು. ಚಿಪ್ಪನ್ನು ಕಟ್ಟಿಕೊಳ್ಳಬಲ್ಲ ಜೀವಿಯು ಭೂಮಿಯ ಮೇಲೆ ತಲೆದೋರುವುದಕ್ಕೆ ಬಹುಪೂರ್ವದಲ್ಲಿಯೇ ಅವು ಗಟ್ಟಿಗೊಂಡಿದ್ದವು. ಹೀಗಿರುವಾಗ ಸಮುದ್ರದ ಸೂಕ್ಷ್ಮ ಜೀವಾವಶೇಷಗಳ ಶಾಸ್ತ್ರಕ್ಕೂ ಈ ಒಣಬಯಲಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅನುಚಿತವಲ್ಲ. ಅದಕ್ಕೆ ಉತ್ತರವಾಗಿ ನಾನು ಪ್ರತಿಪಾದಿಸಬಯಸುವುದು ಇಷ್ಟು: ಈ ನಾಲ್ಕು ಸೀಮೆಗಳ ಬದುಕು ಯಾವ ಮಳೆಯನ್ನು ನಂಬಿಕೊಂಡಿದೆಯೋ ಆ ಮಳೆಯ ದೀರ್ಘಕಾಲದ ಲೆಕ್ಕವು ನಮ್ಮ ಕಚೇರಿಗಳ ಕಡತಗಳಲ್ಲಿಲ್ಲ, ಅದು ಅರಬ್ಬೀ ಸಮುದ್ರದ ತಳದ ಕೆಸರಿನಲ್ಲಿ, ಬಹುಪಾಲು ಒಂದು ಮಿಲಿಮೀಟರಿಗೂ ಕಿರಿದಾದ ಚಿಪ್ಪುಗಳ ರೂಪದಲ್ಲಿ ಉಳಿದುಕೊಂಡಿದೆ, ಅದನ್ನು ಓದಿ ನೋಡದೆ ಮಾಡಿದ ನೀರಿನ ಹಂಚಿಕೆಯೂ ಬರಗಾಲದ ಯೋಜನೆಯೂ ಸಾಕಾಗದ ಸಾಕ್ಷ್ಯದ ಮೇಲೆ ಕೊಟ್ಟ ತೀರ್ಪುಗಳಾಗುತ್ತವೆ.

ಈ ಸೀಮೆಗೆ ಮಳೆಯು ಎರಡು ದಾರಿಗಳಿಂದ ಒದಗುತ್ತದೆ ಎಂಬುದನ್ನು ಮೊದಲು ನೆನೆಯಬೇಕು. ಕುಷ್ಟಗಿ ಯಲಬುರ್ಗಾಗಳ ಎರೆಹೊಲ ಮಸಾರಿಹೊಲಗಳು ತಮ್ಮ ತಲೆಯ ಮೇಲಣ ಆಕಾಶವನ್ನೇ ನೆಚ್ಚಿದವು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ ಮುಂಗಾರಿಯ ಸಜ್ಜೆಯೂ ಹಿಂಗಾರಿಯ ಜೋಳ ಕಡಲೆಗಳೂ ಬೆಳೆದು ಬರಬೇಕು. ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ ಮಳೆಗಳಲ್ಲಿ ಒಂದೆರಡು ಕೈಕೊಟ್ಟರೂ ಮನೆಯ ಕಣಜ ಬರಿದಾಗುತ್ತದೆ. ಗಂಗಾವತಿಯ ಸ್ಥಿತಿ ಬೇರೆ. ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವ ತುಂಗೆ ಭದ್ರೆಗಳ ನೀರು 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಲ್ಲಿ, ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನ ಬಳಿ, ನಿಲ್ಲುತ್ತದೆ. ಎಡದಂಡೆಯ ಕಾಲುವೆಯಲ್ಲಿ ಅದು ಹರಿದು ಬಂದರೆ ಗಂಗಾವತಿಯ ಗದ್ದೆಗಳಲ್ಲಿ ಭತ್ತ, ಬಾರದಿದ್ದರೆ ಬೀಳು. ಎಂದರೆ, ಗಂಗಾವತಿಯವನ ಮಳೆಗಾಲವು ಗಂಗಾವತಿಯಲ್ಲಿ ನಡೆಯುವುದಿಲ್ಲ, ಮಲೆನಾಡಿನಲ್ಲಿ ನಡೆಯುತ್ತದೆ. ಈ ಎರಡು ದಾರಿಗಳಲ್ಲಿ ಬರುವ ನೀರಿನ ಬಹುಭಾಗವನ್ನು ತಂದುಕೊಡುವುದು ಅರಬ್ಬೀ ಸಮುದ್ರವನ್ನು ದಾಟಿ ಬರುವ ನೈಋತ್ಯ ಮಾರುತವೇ.

ಆ ಮಾರುತದ ವಿಷಯದಲ್ಲಿ ನಮಗಿರುವ ಜ್ಞಾಪಕ ಎಷ್ಟು ಹಿಂದಕ್ಕೆ ಹೋಗುತ್ತದೆ? ಜನದ ನೆನಪಿನಲ್ಲಿ ಭೀಕರ ಬರಗಳು ಹೆಸರುಗಳಾಗಿ ಉಳಿದಿವೆ: 1396ರಿಂದ ಹನ್ನೆರಡು ವರ್ಷ ದಖ್ಖನನ್ನು ಪೀಡಿಸಿತೆಂದು ಹೇಳುವ ದುರ್ಗಾದೇವಿ ಬರ, ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದುವೆಂಬ 1791-92ರ ಡೋಗಿ ಬರ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಊರೂರುಗಳನ್ನೇ ಬರಿದುಮಾಡಿದ ಬರ. ಇವು ಅಳತೆಗಳಲ್ಲ. ಅಳತೆಯೆಂಬುದು ದೇಶಕ್ಕೆಲ್ಲ ಒಂದು ಕ್ರಮದಲ್ಲಿ ನಡೆಯತೊಡಗಿದ್ದು 1875ರಲ್ಲಿ ಭಾರತದ ಹವಾಮಾನ ಇಲಾಖೆಯ ಸ್ಥಾಪನೆಯಾದ ಮೇಲೆ. ಕೃಷ್ಣಾ ಕಣಿವೆಯ ನೀರನ್ನು ಹಂಚಿಕೊಟ್ಟ ಬಚಾವತ್ ನ್ಯಾಯಾಧಿಕರಣವು 1973ರ ತನ್ನ ತೀರ್ಪಿನಲ್ಲಿ ಆಧಾರವಾಗಿ ಹಿಡಿದುದು 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವಿನ ಪಟ್ಟಿಯನ್ನು. ನೂರರಲ್ಲಿ 75 ವರ್ಷ ನೆಚ್ಚಬಹುದಾದ ನೀರು 2060 ಟಿಎಂಸಿ ಎಂದು ಆ ಪಟ್ಟಿಯಿಂದ ನಿರ್ಣಯವಾಯಿತು. ಬ್ರಿಜೇಶ್ ಕುಮಾರ್ ಅವರ ಅಧ್ಯಕ್ಷತೆಯ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ 1961-62ರಿಂದ 2007-08ರವರೆಗಿನ 47 ವರ್ಷಗಳ ಪಟ್ಟಿಯನ್ನು ಹಿಡಿಯಿತು. ಅದೇ 75ರ ನೆಚ್ಚಿಕೆಗೆ ಬಂದ ಮೊತ್ತ 2173 ಟಿಎಂಸಿ. ಎರಡರ ಅಂತರ 113 ಟಿಎಂಸಿ. ಹೂಳು ತುಂಬಿದ ಇಂದಿನ ತುಂಗಭದ್ರಾ ಜಲಾಶಯದಲ್ಲಿ ಹಿಡಿಸುವ ನೀರು ಸುಮಾರು 105 ಟಿಎಂಸಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಳತೆಯ ವಿಧಾನಗಳ ಭೇದವೂ ಆ ಅಂತರದಲ್ಲಿ ಸೇರಿರಬಹುದು. ಆದರೂ ಯಾವ ಅರ್ಧಶತಮಾನವನ್ನು ಆರಿಸಿಕೊಂಡೆವೆಂಬ ಒಂದು ಸಂಗತಿಯ ಮೇಲೆ ಒಂದು ಜಲಾಶಯದಷ್ಟು ನೀರು ಕಾಗದದ ಮೇಲೆ ಹುಟ್ಟಬಹುದು ಅಥವಾ ಇಂಗಬಹುದು ಎಂದಾದರೆ ಅಂತಹ ಲೆಕ್ಕವನ್ನು ನಿಶ್ಚಿಂತೆಯಿಂದ ನಂಬುವುದು ಹೇಗೆ?

ಈ ಆತಂಕ ಕೇವಲ ಊಹೆಯದಲ್ಲ. ಅಮೆರಿಕದ ಕೊಲರಾಡೊ ನದಿಯ ನೀರನ್ನು 1922ರಲ್ಲಿ ಅಲ್ಲಿಯ ಸಂಸ್ಥಾನಗಳು ಹಂಚಿಕೊಂಡದ್ದು ತಮಗೆ ಲಭ್ಯವಿದ್ದ ಕೆಲವು ವರ್ಷಗಳ ಅಳತೆಯ ಮೇಲೆ; ತರುವಾಯ ಹಳೆಯ ಮರಗಳ ವಾರ್ಷಿಕ ಉಂಗುರಗಳನ್ನು ಓದಿದಾಗ, ಆ ವರ್ಷಗಳು ಅನೇಕ ಶತಮಾನಗಳಲ್ಲಿಯೇ ಅಪೂರ್ವವಾಗಿ ನೀರು ಸಮೃದ್ಧವಾಗಿದ್ದ ಕಾಲದವೆಂದು ತಿಳಿದುಬಂತು. ಇಲ್ಲದ ನೀರನ್ನು ಹಂಚಿಕೊಂಡ ಪರಿಣಾಮವನ್ನು ಆ ನಾಡು ಇಂದಿಗೂ ಅನುಭವಿಸುತ್ತಿದೆ. ನಮ್ಮ ಬಯಲುಸೀಮೆಯಲ್ಲಿ ಅಷ್ಟು ಹಳೆಯ ಮರಗಳು ವಿರಳ. ನಮ್ಮ ಪಾಲಿನ ದೀರ್ಘದಾಖಲೆಯನ್ನು ನಾವು ಕಡಲಿನಲ್ಲಿ ಹುಡುಕಬೇಕಾಗಿದೆ.

ಫೊರಾಮಿನಿಫೆರಾ ಎಂದು ಶಾಸ್ತ್ರಜ್ಞರು ಕರೆಯುವ ಜೀವಿಗಳು ಏಕಕೋಶಿಗಳು. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ತೆಗೆದುಕೊಂಡು, ಒಂದರ ಪಕ್ಕಕ್ಕೊಂದು ಕೋಣೆಯನ್ನು ಸೇರಿಸುತ್ತ, ಅವು ತಮಗೊಂದು ಚಿಪ್ಪನ್ನು ಕಟ್ಟಿಕೊಳ್ಳುತ್ತವೆ. ಕೆಲವು ಜಾತಿಗಳು ಕಡಲಿನ ಮೇಲುಪದರದಲ್ಲಿ ತೇಲಿ ಬಾಳುವವು. ಬಹುಸಂಖ್ಯೆಯವು ತಳದ ಕೆಸರಿನಲ್ಲಿಯೇ ವಾಸಿಸುವವು. ಸತ್ತಮೇಲೆ ಎಲ್ಲವೂ ತಳವನ್ನು ಸೇರಿ ಪದರಪದರವಾಗಿ ಹೂಳಲ್ಪಡುತ್ತವೆ. ಫ್ರಾನ್ಸಿನ ದೊರ್ಬಿನ್ಯಿ 1826ರಲ್ಲಿ ಇವನ್ನು ವರ್ಗೀಕರಿಸಿದಾಗ ಅಷ್ಟಪಾದಿಯ ಕುಲಕ್ಕೆ ಸೇರಿದ ಅತಿಸಣ್ಣ ಪ್ರಾಣಿಗಳೆಂದೇ ಭಾವಿಸಿದ್ದನು. 1872ರಿಂದ 1876ರವರೆಗೆ ಲೋಕದ ಸಮುದ್ರಗಳನ್ನು ಸುತ್ತಿದ ಚಾಲೆಂಜರ್ ನೌಕೆಯು ಎತ್ತಿ ತಂದ ಕೆಸರನ್ನು ಪರಿಶೀಲಿಸಿ ಬ್ರೇಡಿ ಎಂಬ ವಿದ್ವಾಂಸನು 1884ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಸಾಗರತಳದ ವಿಸ್ತಾರವಾದ ಭಾಗವು ಈ ಚಿಪ್ಪುಗಳಿಂದಲೇ ಆದುದೆಂಬ ಸಂಗತಿ ಸ್ಥಿರಪಟ್ಟಿತು.

ಚಿಪ್ಪು ಹೇಗೆ ಸಾಕ್ಷಿಯಾಗುತ್ತದೆಂಬುದನ್ನು ತುಸು ನಿಧಾನವಾಗಿ ನೋಡೋಣ. ಆಮ್ಲಜನಕದಲ್ಲಿ ತೂಕ 16ರದೂ 18ರದೂ ಆದ ಎರಡು ಮುಖ್ಯ ಬಗೆಗಳುಂಟು. ನೀರು ಆವಿಯಾಗುವಾಗ ಹಗುರವಾದುದು ಸುಲಭವಾಗಿ ಮೇಲೇಳುತ್ತದೆ. ಆದಕಾರಣ ಮಳೆಯ ನೀರೂ ಹೊಳೆಯ ನೀರೂ ಕಡಲಿನ ನೀರಿಗಿಂತ ಹಗುರವಾದ ಆಮ್ಲಜನಕವನ್ನು ಹೆಚ್ಚಾಗಿ ಪಡೆದಿರುತ್ತವೆ. ಘಟ್ಟಗಳ ಮೇಲೆ ಮಳೆ ಹುಯ್ದು ಹೊಳೆಗಳು ತುಂಬಿ ಕಡಲನ್ನು ಸೇರಿದ ಕಾಲದಲ್ಲಿ ಅಲ್ಲಿ ಬೆಳೆದ ಚಿಪ್ಪಿನಲ್ಲಿ ಆ ಗುರುತು ಸೇರಿಕೊಳ್ಳುತ್ತದೆ. ಆದರೆ ನೀರಿನ ಉಷ್ಣತೆಯೂ ಅದೇ ಪ್ರಮಾಣವನ್ನು ಬದಲಿಸುವುದರಿಂದ ಒಂದು ಅಂಕೆಗೆ ಎರಡು ಅರ್ಥಗಳು ಸಾಧ್ಯ. 1955ರಲ್ಲಿ ಎಮಿಲಿಯಾನಿ ಎಂಬ ವಿಜ್ಞಾನಿಯು ಈ ಅಂಕೆಗಳಲ್ಲಿ ಮುಖ್ಯವಾಗಿ ಹಿಮಯುಗದ ಕಡಲುಗಳ ಉಷ್ಣತೆಯನ್ನು ಓದಿದನು. ಹನ್ನೆರಡು ವರ್ಷಗಳ ಅನಂತರ ಶ್ಯಾಕಲ್ಟನ್ ಎಂಬವನು, ಅಲ್ಲಿ ಹೆಚ್ಚಿನ ಪಾಲು ಉಷ್ಣತೆಯದಲ್ಲ, ಭೂಮಿಯ ಮೇಲೆ ಹೆಪ್ಪುಗಟ್ಟಿ ನಿಂತಿದ್ದ ಹಿಮದ ಪರಿಮಾಣದ್ದು ಎಂದು ತೋರಿಸಿದನು. ಈಗ ಅದೇ ಚಿಪ್ಪಿನಲ್ಲಿರುವ ಮೆಗ್ನೀಸಿಯಮ್ಮಿನ ಅಂಶವನ್ನಳೆದು ಉಷ್ಣತೆಯ ಪಾಲನ್ನು ಬೇರೆಯಾಗಿ ತೆಗೆಯುವ ಕ್ರಮ ಬಂದಿದೆ. ಒಂದು ಸಾಕ್ಷ್ಯವನ್ನು ಮತ್ತೊಂದರಿಂದ ತೂಗಿ ನೋಡುವ ಈ ಶ್ರದ್ಧೆಯಿಂದಲೇ ಈ ಶಾಸ್ತ್ರವು ವಿಶ್ವಾಸಾರ್ಹವಾದುದು. 1976ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣಭಾಗದ ಕೆಸರಿನಿಂದ, ಹಿಮಯುಗಗಳ ಬರವುಹೋಗುಗಳು ಭೂಮಿಯ ಕಕ್ಷೆಯ ಸೂಕ್ಷ್ಮ ವ್ಯತ್ಯಾಸಗಳನ್ನು ಅನುಸರಿಸುತ್ತವೆಂದು ಸಿದ್ಧವಾದದ್ದು ಅದರ ದೊಡ್ಡ ವಿಜಯ.

ಇನ್ನು ನಮ್ಮ ಮಾರುತದ ಮಾತು. ಬೇಸಗೆ ಮುಗಿದು ನೈಋತ್ಯದ ಗಾಳಿ ಬಲವಾಗಿ ಬೀಸತೊಡಗಿದಾಗ ಸೊಮಾಲಿಯಾ ಮತ್ತು ಒಮಾನ್ ತೀರಗಳ ಮೇಲ್ನೀರು ದಡದಿಂದ ದೂರಕ್ಕೆ ತಳ್ಳಲ್ಪಟ್ಟು, ಆಳದ ತಣ್ಣನೆಯ ಸಾರವತ್ತಾದ ನೀರು ಮೇಲೆದ್ದು ಬರುತ್ತದೆ. ಆಗ, ಸಾಮಾನ್ಯವಾಗಿ ತಂಪುಕಡಲುಗಳಲ್ಲಿ ಬಾಳುವ ಗ್ಲೊಬಿಜೆರಿನಾ ಬುಲಾಯ್ಡಿಸ್ ಎಂಬ ಜಾತಿಯು ಆ ಉಷ್ಣಸಮುದ್ರದಲ್ಲಿ ಯಥೇಚ್ಛವಾಗಿ ಹೆಚ್ಚುತ್ತದೆ. ಕೆಸರಿನ ಯಾವ ಪದರದಲ್ಲಿ ಅದರ ಚಿಪ್ಪುಗಳು ಹೆಚ್ಚೋ ಆ ಕಾಲದಲ್ಲಿ ಗಾಳಿ ಬಲವಾಗಿತ್ತೆಂದು ತಿಳಿಯಬಹುದು. ಖರಗ್‌ಪುರದ ಐಐಟಿಯ ಅನಿಲ್ ಗುಪ್ತಾ ಅವರೂ ಅಮೆರಿಕದ ಅವರ ಸಹೋದ್ಯೋಗಿಗಳೂ ಒಮಾನಿನ ಬಳಿಯ ಕೆಸರನ್ನು ಹೀಗೆ ಎಣಿಸಿ 2003ರಲ್ಲಿ ಪ್ರಕಟಿಸಿದ ಸುಮಾರು 11,000 ವರ್ಷಗಳ ಚರಿತ್ರೆಯಲ್ಲಿ, ಮಾರುತವು ಆದಿಯಲ್ಲಿ ಪ್ರಬಲವಾಗಿದ್ದು ಬರಬರುತ್ತ ಕುಗ್ಗಿದುದೂ, ನಡುನಡುವೆ ಹಠಾತ್ತಾಗಿ ದುರ್ಬಲವಾದುದೂ, ಆ ದೌರ್ಬಲ್ಯದ ಕಾಲಗಳು ದೂರದ ಉತ್ತರ ಅಟ್ಲಾಂಟಿಕ್ ಸಾಗರದ ಶೀತಕಾಲಗಳೊಡನೆ ಹೊಂದಿಕೊಳ್ಳುವುದೂ ಕಾಣಬರುತ್ತವೆ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಚಪ್ಪಡಿಗಳನ್ನೆತ್ತಿ ನಿಲ್ಲಿಸಿ ಅವುಗಳ ನಡುವೆ ಕೊಳವೊಂದನ್ನು ಇಟ್ಟುಕೊಂಡ ಜನರ ಕಾಲದ ಗಾಳಿಯೂ ಆ ಲೆಕ್ಕದಲ್ಲಿ ಸೇರಿದೆ. ಅವರ ಬಗೆಗೆ ಒಂದಕ್ಷರದ ಬರಹವೂ ನಮಗೆ ದೊರೆತಿಲ್ಲ.

ಇಲ್ಲಿಗೇ ನಿಂತುಬಿಟ್ಟರೆ ವಿಷಯ ಸುಲಭವಾಗಿತ್ತು. ಆದರೆ ಅಹಮದಾಬಾದಿನ ಭೌತಿಕ ಸಂಶೋಧನಾಲಯದ ವಿಜ್ಞಾನಿಗಳು ಅರಬ್ಬೀ ಸಮುದ್ರದ ಪೂರ್ವಪಾರ್ಶ್ವದ, ಎಂದರೆ ನಮ್ಮ ಪಡುವಣ ತೀರದ ಕಡೆಯ, ಕೆಸರಿನಲ್ಲಿ ತೇಲುವ ಮೂರು ಜಾತಿಗಳ ಚಿಪ್ಪುಗಳ ಆಮ್ಲಜನಕವನ್ನಳೆದು 2000ದಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯಾಗಿತ್ತು: 10,000 ವರ್ಷಗಳ ಹಿಂದಿನಿಂದ 2,000 ವರ್ಷಗಳ ಹಿಂದಿನವರೆಗೆ ಇಲ್ಲಿ ಮಳೆಯು ಕುಗ್ಗುತ್ತ ಬಂದುದಲ್ಲ, ಏರುತ್ತ ಬಂದುದೇ ಹೆಚ್ಚು ಸಂಭಾವ್ಯವೆಂದು ಅವರು ಹೇಳಿದರು. ಒಂದು ದಡದ ಚಿಪ್ಪುಗಳು ಮಾರುತ ಸೊರಗಿತೆನ್ನುತ್ತವೆ, ಇನ್ನೊಂದು ದಡದವು ಮಳೆ ಬೆಳೆಯಿತೆನ್ನುತ್ತವೆ. ಇದನ್ನು ಕಂಡು, ಇಂತಹ ಶಾಸ್ತ್ರದಿಂದ ಏನು ಪ್ರಯೋಜನವೆಂದು ಕೈಬಿಡುವವರುಂಟು. ನನ್ನ ಅಭಿಪ್ರಾಯವು ಇದಕ್ಕೆ ಪೂರ್ತಿ ವಿರುದ್ಧವಾದುದು. ಒಮಾನಿನ ಚಿಪ್ಪು ಗಾಳಿಯ ಬಲವನ್ನು ಹೇಳುತ್ತದೆ, ನಮ್ಮ ತೀರದ ಚಿಪ್ಪು ಕಡಲಿಗೆ ಬಂದು ಬೆರೆತ ಸಿಹಿನೀರನ್ನು ಹೇಳುತ್ತದೆ. ಗಾಳಿಯೂ ಮಳೆಯೂ ಒಂದೇ ಅಲ್ಲವೆಂಬುದನ್ನು, ಆಷಾಢದ ಗಾಳಿ ಹಗಲಿರುಳು ಬೀಸಿಯೂ ಹನಿಯುದುರದ ಯಲಬುರ್ಗಾದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಸಾಕ್ಷ್ಯಗಳ ವಿರೋಧವು ಇಲ್ಲಿ ನಮ್ಮ ಪ್ರಶ್ನೆಯನ್ನೇ ತಿದ್ದಿಕೊಡುತ್ತದೆ: ಮಾರುತ ಪ್ರಬಲವಾಗಿತ್ತೆ ಎಂದು ಕೇಳುವುದನ್ನು ಬಿಟ್ಟು, ಯಾವ ಮಾರುತದಿಂದ ಎಲ್ಲಿ ಮಳೆಯಾಯಿತು ಎಂದು ಕೇಳಬೇಕು. ಕಡಲೂ ಬರಿದೆ ಒಮಾನಿನ ಕಡೆಯದು ಸಾಲದು. ನಮಗೆ ಹತ್ತಿರದ ಕಾರವಾರ, ಹೊನ್ನಾವರ, ಮಂಗಳೂರುಗಳ ಎದುರಿನ ಕೆಸರೇ ನಮ್ಮ ಪಾಲಿಗೆ ಹೆಚ್ಚು ಮುಖ್ಯ.

ಅಂತಹ ಕೆಲಸ ಕಾರವಾರದ ಎದುರಿಗೆ ನಡೆದಿದೆಯೆಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿಯದು. ಗೋವೆಯ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ರಾಜೀವ ನಿಗಮ್ ಅವರೂ ಸಹೋದ್ಯೋಗಿಗಳೂ ಕಾಳಿ ನದಿಯು ಕಡಲನ್ನು ಸೇರುವೆಡೆಯ ಎದುರಿನ ಆಳವಿಲ್ಲದ ನೀರಿನಿಂದ ಕೆಸರಿನ ಕಂಬವನ್ನೆತ್ತಿದರು. ಮಳೆ ಹೆಚ್ಚಾದ ವರ್ಷ ಕಾಳಿಯ ಸಿಹಿನೀರು ಅಲ್ಲಿಯ ಉಪ್ಪನ್ನು ತಗ್ಗಿಸುತ್ತದೆ. ತಳದಲ್ಲಿ ಬಾಳುವ ರೊಟಾಲಿಡಿಯಮ್ ಆನೆಕ್ಟೆನ್ಸ್ ಎಂಬ ಜಾತಿಯ ಚಿಪ್ಪಿನ ಮೊಟ್ಟಮೊದಲ ಕೋಣೆಯ ಸರಾಸರಿ ಗಾತ್ರವು ಉಪ್ಪು ಉಷ್ಣತೆಗಳಿಗೆ ತಕ್ಕಂತೆ ಬದಲಾಗುತ್ತದೆ. ಈ ಗುರುತನ್ನು ಹಿಡಿದು ಪದರಪದರವಾಗಿ ಅಳೆದುಹೋದ ಅವರು, ಕಳೆದ ಕೆಲವು ಶತಮಾನಗಳಲ್ಲಿ ಅನಾವೃಷ್ಟಿಯು ಸುಮಾರು 77 ವರ್ಷಗಳ ಆವರ್ತದಲ್ಲಿ ಬಂದಿರುವುದಾಗಿಯೂ ಸೂರ್ಯನ ಚಟುವಟಿಕೆಯ ದೀರ್ಘ ಆವರ್ತಕ್ಕೂ ಅದಕ್ಕೂ ಸಂಬಂಧವಿರಬಹುದೆಂದೂ 1995ರಲ್ಲಿ ಸೂಚಿಸಿದರು.

ಈ 77ನ್ನು ಪಂಚಾಂಗದ ಅಂಕೆಯಂತೆ ಎತ್ತಿಕೊಂಡು ಮುಂದಿನ ಬರ ಇಂಥ ಸಂವತ್ಸರದಲ್ಲೆಂದು ಸಾರತೊಡಗಿದರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಕೆಲವು ಶತಮಾನಗಳೊಳಗೆ ಅಂತಹ ಆವರ್ತ ನಾಲ್ಕಾರು ಸಲವಷ್ಟೇ ಬರಬಲ್ಲದು. ಅಷ್ಟರಿಂದ ನಿಯಮವೊಂದನ್ನು ಕಟ್ಟಲಾಗದು. ಅದೂ ಅಲ್ಲದೆ ತಳದ ಹುಳುಗಳು ಕೆಸರನ್ನು ಕಲಸಿ ವರ್ಷಗಳ ಗಡಿಯನ್ನು ಅಳಿಸಿಬಿಡುತ್ತವೆ. ಕಾಲನಿರ್ಣಯಕ್ಕೆ ಬಳಸುವ ವಿಕಿರಣ ಇಂಗಾಲವು ಕಡಲಿನಲ್ಲಿ ನೂರಾರು ವರ್ಷಗಳಷ್ಟು ಹಳೆಯದಾಗಿ ತೋರುತ್ತದೆ, ಅದನ್ನು ತಿದ್ದಿ ಓದಬೇಕು. ಆದರೆ ಆವರ್ತದ ಅಂಕೆ ನಿಲ್ಲಲಿ ಬೀಳಲಿ, ಅದರಿಂದ ಹೊರಡುವ ಪ್ರಶ್ನೆಯೊಂದು ನಿಲ್ಲುತ್ತದೆ. ಮಳೆಗೆ ಮುಕ್ಕಾಲು ಶತಮಾನದ ಪ್ರಮಾಣದ ಏರಿಳಿತವಿರುವುದೇ ನಿಜವಾದರೆ, ಬಚಾವತ್ ನ್ಯಾಯಾಧಿಕರಣದ 78 ವರ್ಷಗಳ ಪಟ್ಟಿಯು ಅಂತಹ ಒಂದೇ ಒಂದು ಏರಿಳಿತವನ್ನು ಕಂಡಿದೆ. ಎರಡನೆಯದರ 47 ವರ್ಷಗಳು ಒಂದನ್ನೂ ಪೂರ್ತಿಯಾಗಿ ಕಂಡಿಲ್ಲ. ಇದನ್ನು ನ್ಯಾಯಾಧೀಶರ ದೋಷವೆಂದು ನಾನು ಹೇಳುತ್ತಿಲ್ಲ; ತಮ್ಮ ಮುಂದಿಟ್ಟ ದಾಖಲೆಯನ್ನು ಅವರು ತೂಗಿದರು. ಕಡಲಿನ ದಾಖಲೆಯನ್ನು ಅವರ ಮುಂದೆ ಇಡಬೇಕಾದವರು ನಾವು.

ಸಾಕ್ಷ್ಯವನ್ನು ಅಂಗೀಕರಿಸುವ ಮೊದಲು ಎಷ್ಟು ಕಠಿನವಾಗಿ ಪರೀಕ್ಷಿಸಬೇಕೆಂಬುದಕ್ಕೆ ತುಂಗಭದ್ರೆಯ ಆಚೆಯ ದಂಡೆಯಲ್ಲಿಯೇ ಒಂದು ನಿದರ್ಶನವಿದೆ. ಸಂಡೂರಿನ ಬೆಟ್ಟಗಳಲ್ಲಿ, ಅತಿಪುರಾತನ ಸಮುದ್ರದಲ್ಲಿ ನೆಲೆಗೊಂಡ ಚರ್ಟ್ ಎಂಬ ಸಿಲಿಕಾಮಯ ಶಿಲೆಯೊಳಗೆ, ನೀಲಿಹಸಿರು ಸೂಕ್ಷ್ಮಜೀವಿಗಳ ಎಳೆಗಳನ್ನು ಕಂಡುದಾಗಿ ಎಸ್. ಎಂ. ನಕ್ವಿ, ಬಿ. ಎಸ್. ವೆಂಕಟಾಚಲ ಮತ್ತು ಸಂಗಡಿಗರು 1987ರಲ್ಲಿ ವರದಿ ಮಾಡಿದರು. 250 ಕೋಟಿ ವರ್ಷಗಳಿಗೂ ಹಿಂದೆ ಈ ಭಾಗದಲ್ಲಿ ಕಡಲಿತ್ತೆಂಬುದೂ ಅದರಲ್ಲಿ ಜೀವವಿತ್ತೆಂಬುದೂ ನಮ್ಮ ಮನಸ್ಸನ್ನು ಹಿಗ್ಗಿಸುವ ಸಂಗತಿಗಳು. ಆದರೂ ಅಷ್ಟು ಪ್ರಾಚೀನ ಶಿಲೆಯ ಕರಿಯ ಗೆರೆಗಳೆಲ್ಲ ಜೀವಿಗಳಲ್ಲ. ಆಸ್ಟ್ರೇಲಿಯದ ಚರ್ಟಿನಲ್ಲಿ 1993ರಲ್ಲಿ ಷಾಫ್ ಕಂಡ ಆಕೃತಿಗಳನ್ನು 2002ರಲ್ಲಿ ಬ್ರೇಸಿಯರ್ ಜೀವರಹಿತ ರಾಸಾಯನಿಕ ಕ್ರಿಯೆಯಿಂದಾದುವೆಂದು ವಾದಿಸಿದ ಮೇಲೆ, ಇಂತಹ ಪ್ರತಿಯೊಂದು ಶೋಧವನ್ನೂ ಮತ್ತೊಮ್ಮೆ ಒರೆಗೆ ಹಚ್ಚುವುದು ರೂಢಿಯಾಗಿದೆ. ಕೊಪ್ಪಳದ ಗವಿಮಠ ಪಾಲ್ಕಿಗುಂಡುಗಳ ಅಶೋಕಶಾಸನಗಳನ್ನು ಬಲ್ಲ ನಾಡಿಗೆ ಈ ನೀತಿ ಹೊಸದಲ್ಲ. ದೇವಾನಾಂಪ್ರಿಯನೆಂಬ ದೊರೆ ಅಶೋಕನೇ ಎಂಬುದು, 1915ರಲ್ಲಿ ಮಸ್ಕಿಯಲ್ಲಿ ಆ ಹೆಸರನ್ನೇ ಹೊತ್ತ ಶಾಸನ ದೊರೆತ ಮೇಲಲ್ಲವೆ ಸಂದೇಹಕ್ಕೆಡೆಯಿಲ್ಲದಂತೆ ಸ್ಥಿರವಾದುದು?

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳಲ್ಲಿ ಅತ್ಯಂತ ಬಲವಾದುದು, ಕಾಳಿಯ ಮುಖದ ಕೆಸರು ಘಟ್ಟದ ಪಶ್ಚಿಮದ ಮಳೆಯನ್ನು ಹೇಳಬಲ್ಲದೇ ಹೊರತು ಘಟ್ಟದ ಮರೆಯಲ್ಲಿರುವ ಕುಷ್ಟಗಿಯ ಮಳೆಯನ್ನಲ್ಲ ಎಂಬುದು. ಇದು ನಿಜ. ಗಂಗಾವತಿಗೆ ಬೇಕಾದುದು ಘಟ್ಟದ ಮಳೆಯ ಲೆಕ್ಕವೇ ಆದುದರಿಂದ ಅಲ್ಲಿಗೆ ಈ ಸಾಕ್ಷ್ಯ ಹೆಚ್ಚು ನೇರವಾಗಿ ಸಲ್ಲುತ್ತದೆ. ಕುಷ್ಟಗಿ ಯಲಬುರ್ಗಾಗಳಿಗೆ ಅದನ್ನು ಒಳನಾಡಿನ ಇತರ ದಾಖಲೆಗಳೊಡನೆ, ಹಳೆಯ ಕೆರೆಗಳ ತಳದ ಹೂಳು, ಗುಹೆಗಳಲ್ಲಿ ಇಳಿಬಿದ್ದ ಸುಣ್ಣದ ಕಂಬಗಳು ಇವುಗಳೊಡನೆ, ಸೇರಿಸಿ ಓದಬೇಕು. ಛತ್ತೀಸಗಢದ ದಂಡಕ ಗುಹೆಯ ಸುಣ್ಣದ ಕಂಬದಲ್ಲಿ 14 ಮತ್ತು 15ನೆಯ ಶತಮಾನಗಳ ದೀರ್ಘ ಅನಾವೃಷ್ಟಿಗಳ ಗುರುತು ದೊರೆತಿದೆ. ದುರ್ಗಾದೇವಿ ಬರದ ಜನಶ್ರುತಿಯೂ ಆ ಯುಗದ್ದೇ ಎಂಬುದನ್ನು ಕಂಡಾಗ, ದಖ್ಖನಿನಲ್ಲಿ ಬರವು ಒಂದೆರಡು ವರ್ಷಗಳ ಮಾತಲ್ಲದೆ ದಶಕಗಳ ಮಾತೂ ಆಗಿರಬಲ್ಲದೆಂಬ ಶಂಕೆ ಬಲಗೊಳ್ಳುತ್ತದೆ. ಭೂಮಿಯೇ ಕಾಯುತ್ತಿರುವ ಈ ಕಾಲದಲ್ಲಿ ಗತಕಾಲದ ಲೆಕ್ಕ ಮುಂದಕ್ಕೆ ನಡೆಯದೆಂಬ ಮತ್ತೊಂದು ಆಕ್ಷೇಪಣೆಯನ್ನು ನಾನು ಅಷ್ಟಾಗಿ ಗಣಿಸುವುದಿಲ್ಲ. ಮನುಷ್ಯನ ಕೈವಾಡವಿಲ್ಲದೆಯೇ ಮಾರುತವು ಎಷ್ಟು ದೂರ ತೂಗಾಡಬಲ್ಲದೆಂಬುದನ್ನು ಅರಿಯದವನು, ಮನುಷ್ಯನು ಅದಕ್ಕೆ ಸೇರಿಸುತ್ತಿರುವುದನ್ನು ಅಳೆಯುವುದಾದರೂ ಹೇಗೆ?

ವೆಚ್ಚದ ಮಾತೂ ಇದೆ. 2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಹಡಗು ನಮ್ಮ ಪಶ್ಚಿಮತೀರದಾಚೆಯ ಲಕ್ಷ್ಮಿ ಕುಳಿಯಲ್ಲಿ, ಮೂರೂವರೆ ಸಾವಿರ ಮೀಟರು ನೀರಿನ ಕೆಳಗೆ, ಸಾವಿರ ಮೀಟರಿಗೂ ಮಿಕ್ಕಿ ಕೊರೆಯಿತು. ಅಂತಹ ಸಾಹಸಕ್ಕೆ ಅನೇಕ ದೇಶಗಳ ಧನವೂ ವಿದ್ಯೆಯೂ ಕೂಡಿಬರಬೇಕು. ಆದರೆ ಕೆಲವು ಸಾವಿರ ವರ್ಷಗಳ ಮಳೆಯನ್ನು ತಿಳಿಯಲು ಅಷ್ಟು ಆಳ ಬೇಕಿಲ್ಲ. ತೀರದ ಹತ್ತಿರದ ಕೆಲವೇ ಮೀಟರುಗಳ ಕೆಸರು, ಒಂದು ಜರಡಿ, ಒಂದು ಸೂಕ್ಷ್ಮದರ್ಶಕ, ತಾಳ್ಮೆಯಿಂದ ಎಣಿಸುವ ಕಣ್ಣು ಇದ್ದರೆ ಕೆಲಸದ ಬಹುಭಾಗ ನಡೆಯುತ್ತದೆ. ಆ ಕಣ್ಣುಗಳು ಕೊಪ್ಪಳದ ಕಾಲೇಜುಗಳಿಂದ ಏಕೆ ಬರಬಾರದು? ಬರದ ಪರಿಹಾರಕ್ಕಾಗಿ ಮತ್ತೆಮತ್ತೆ ಸುರಿಯುವ ಹಣದಲ್ಲಿ ಅಣುಮಾತ್ರವನ್ನು ಬರದ ಚರಿತ್ರೆಗಾಗಿ ತೆಗೆದಿಡುವುದು ದುಂದುಗಾರಿಕೆಯಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತೆಂಬುದನ್ನು ನಾವಿನ್ನೂ ಮರೆತಿಲ್ಲ.

ಹೂಳಿನಿಂದ ಕಳೆದುಕೊಂಡ ತುಂಗಭದ್ರೆಯ ನೀರನ್ನು ಬೇರೊಂದೆಡೆ ಹಿಡಿದಿಡಲೆಂದು ನವಲಿಯ ಬಳಿ ಸಮತೋಲನ ಜಲಾಶಯವೊಂದನ್ನು ಕಟ್ಟುವ ಪ್ರಸ್ತಾಪ ಸರಕಾರದ ಮುಂದಿದೆ. ಅದು ಬೇಕೆಂದೋ ಬೇಡವೆಂದೋ ಇಲ್ಲಿ ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಆ ಜಲಾಶಯವು ನೂರರಲ್ಲಿ ಎಷ್ಟು ವರ್ಷ ತುಂಬೀತೆಂಬ ಲೆಕ್ಕವನ್ನು ಐವತ್ತು ವರ್ಷಗಳ ಪಟ್ಟಿಯೊಂದರಿಂದಲೇ ತೆಗೆದು ತಂದರೆ ಅದನ್ನು ಒಪ್ಪಬೇಡಿರಿ. ಕಾರವಾರದಿಂದ ಮಂಗಳೂರಿನವರೆಗಿನ ತೀರದ ಕೆಸರನ್ನು ಓದಿಸಿದ್ದೀರಾ, ಅದು ಏನು ಹೇಳಿತು ಎಂದು ಸಭೆಯಲ್ಲಿ ಎದ್ದುನಿಂತು ಕೇಳಿರಿ ಎಂದು ಈ ನಾಲ್ಕು ಸೀಮೆಗಳ ಓದುಗರನ್ನು ಪ್ರಾರ್ಥಿಸುತ್ತೇನೆ.